ಏಳು ತಪ್ಪಿನ ಪತ್ರ

ಹಾಲು ಒಡೆದಿದೆ ಅಂತ ಹೆಂಡತಿ ಅಡುಗೆಮನೆಯಿಂದ ಕೂಗಿದರೆ ಸುಮ್ಮನೆ ನಂಬುವ ಗಂಡಸಲ್ಲ ಅವರು. ಎದ್ದು ಹೋಗಿ, ಪಾತ್ರೆಯ ಮುಚ್ಚಳ ಎತ್ತಿ, ಮೂಸಿ, ಚಮಚದಲ್ಲಿ ಕದಡಿ ನೋಡಿ, ಆಮೇಲೆ "ಹೌದು, ಒಡೆದಿದೆ" ಅಂತ ತೀರ್ಪು ಕೊಡುವವರು. ಇಂಥವರ ಜೊತೆ ಮೂವತ್ತು ವರ್ಷ ಏಗಿದ ಆ ಹೆಂಗಸಿಗೆ ಯಾರಾದರೂ ಒಂದು ಪದಕ ಕೊಡಬೇಕಿತ್ತು, ಕೊಡಲಿಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಈ ಮನುಷ್ಯನಿಗೆ ಮಕ್ಕಳು ಇಟ್ಟ ಹೆಸರು ಪುರಾವೆ ಮೇಷ್ಟ್ರು. ಆ ಹೆಸರು ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಒಮ್ಮೆ ಪೋಸ್ಟ್‌ಮ್ಯಾನ್ ಕೂಡ ಬಾಗಿಲಲ್ಲಿ ನಿಂತು "ಪುರಾವೆ ಮೇಷ್ಟ್ರೇ, ರಿಜಿಸ್ಟರ್ಡ್ ಬಂದಿದೆ" ಅಂತ ಕೂಗಿ, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದ.

"ಸರ್, ಹೋಮ್‌ವರ್ಕ್ ಮಾಡಿದ್ದೆ, ಮನೇಲಿ ಮರೆತು ಬಂದೆ" ಅಂದರೆ "ಪುರಾವೆ ಎಲ್ಲಿ?" ಪುಸ್ತಕದಲ್ಲೇ ಹೀಗಿದೆ ಸರ್ ಅಂದರೆ, "ಪುಸ್ತಕ ಬರೆದವರಿಗೆ ಯಾರು ಹೇಳಿದರು? ಪುರಾವೆ ಎಲ್ಲಿ?" ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದನ್ನು ಇವರು ಹಲ್ಲುಪುಡಿಯ ಹಾಗೆ ದಿನಾ ಬೆಳಿಗ್ಗೆ ಉಪಯೋಗಿಸುತ್ತಿದ್ದರು. ಅದರ ಜೊತೆಗೆ ಇನ್ನೊಂದು ಮಾತು: "ಹಾಳೆ ಅಂದಮೇಲೆ ಎರಡು ಮಗ್ಗುಲು ಇರುತ್ತೆ. ತಿರುಗಿಸಿ ನೋಡು." ಕಾಗದ ಉಳಿಸುವ ಜಿಪುಣತನಕ್ಕೋ ಏನೋ, ಅವರು ಮಕ್ಕಳಿಗೆ ಕೊಡುವ ಹಾಳೆಗಳೆಲ್ಲ ಎರಡೂ ಕಡೆ ಅಚ್ಚಾಗಿರುತ್ತಿದ್ದವು. ಮುಂದೆ ಪಾಠ, ಹಿಂದೆ ಪ್ರಶ್ನೆ.

ಪ್ರತಿ ವರ್ಷ ಒಂಬತ್ತನೇ ತರಗತಿಗೆ ಅವರು ತಪ್ಪದೆ ಮಾಡುವ ಒಂದು ಪಾಠ ಇತ್ತು. ಊರಿನ ಬಟ್ಟೆ ಮಿಲ್ಲಿಗೆ ಎಪ್ಪತ್ತನಾಲ್ಕು ವರ್ಷದ ಹಿಂದೆ ನೆರೆ ನುಗ್ಗಿದ ಪಾಠ. ಬೆಳಕು ಹರಿಯುವ ಮುಂಚೆ ನದಿ ಒಡೆದು ಬಂತು. ರಾತ್ರಿ ಪಾಳಿಯವರು ಬಟ್ಟೆ ಕದ್ದು ಸಾಗಿಸಬಾರದು ಅಂತ ಗೇಟಿಗೆ ಹೊರಗಿನಿಂದ ಬೀಗ ಹಾಕುವುದು ಮಿಲ್ಲಿನ ಪದ್ಧತಿ. ಬೀಗದ ಕೈ ಇರುತ್ತಿದ್ದದ್ದು ಗೇಟಿನ ಕಾವಲುಗಾರನ ಹತ್ತಿರ ಮಾತ್ರ. ಒಳಗಿದ್ದ ನಲವತ್ತು ಮಂದಿ ಸತ್ತರು, ಕಾವಲುಗಾರನೂ ಸತ್ತ. ಒಟ್ಟು ನಲವತ್ತೊಂದು. "ಹಾಗಾದರೆ ಗೇಟು ಯಾಕೆ ತೆಗೆಯಲಿಲ್ಲ?" ಅಂತ ಮೇಷ್ಟ್ರು ಮಕ್ಕಳನ್ನು ಕೇಳುತ್ತಿದ್ದರು. ಮಕ್ಕಳು ಏನೇನೋ ಹೇಳುತ್ತಿದ್ದವು. ಎಲ್ಲ ಕೇಳಿಸಿಕೊಂಡು ಮೇಷ್ಟ್ರು ಕೈ ಕೊಡವಿ ಹೇಳುತ್ತಿದ್ದರು: "ತನಿಖಾ ವರದಿಯಲ್ಲಿ ಒಂದೇ ಸಾಲಿದೆ. ಗೇಟು ತೆರೆಯಲಾಗಲಿಲ್ಲ, ಅಷ್ಟೆ. ಯಾಕೆ ಅನ್ನೋದಕ್ಕೆ ಪುರಾವೆ ಇಲ್ಲ. ಪುರಾವೆ ಇಲ್ಲದ ಕಡೆ ಬಾಯಿ ಮುಚ್ಚಿಕೊಂಡಿರೋದೇ ಚರಿತ್ರೆಕಾರನ ಮರ್ಯಾದೆ."

ಇಷ್ಟು ಹೇಳುವ ಮನುಷ್ಯ ತಾನೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಈ ವರ್ಷ ಮೇಲಿನಿಂದ ಸುತ್ತೋಲೆ ಬಂತು. ವಾರಕ್ಕೆ ಒಂದು ಪೀರಿಯಡ್ ಆನ್‌ಲೈನ್ ಪಾಠ ತೋರಿಸಲೇಬೇಕು. ತೋರಿಸಿದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಮೇಷ್ಟ್ರಿಗೆ ಈ ಕಂಪ್ಯೂಟರು ಪಾಠ ಅಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. "ಪರದೆಗೆ ಹಿಂದಿನ ಮಗ್ಗುಲೇ ಇಲ್ಲವಲ್ಲ, ಏನನ್ನು ತಿರುಗಿಸಿ ನೋಡೋದು?" ಅಂತ ಸ್ಟಾಫ್ ರೂಮಿನಲ್ಲಿ ಗೊಣಗಿದರು. ಗೊಣಗಿದರೆ ಯಾರು ಕೇಳುತ್ತಾರೆ? ಆ ಸೋಮವಾರ ಬೆಳಿಗ್ಗೆ ಒಂಬತ್ತನೇ ತರಗತಿಯ ಸ್ಮಾರ್ಟ್ ಬೋರ್ಡಿನ ಮುಂದೆ ನಿಂತು, ಚರಿತ್ರೆ ಕಲಿಕೆಯ ಜಾಲತಾಣ ತೆರೆದು, ಸ್ಥಳೀಯ ಇತಿಹಾಸ ಅನ್ನುವ ಕಡೆ ಬೆರಳು ಒತ್ತಿದರು. ತಮ್ಮದೇ ಊರಿನ ಮಿಲ್ಲಿನ ಚಿತ್ರ ಬಂತು. ಮೇಷ್ಟ್ರಿಗೆ ಖುಷಿಯೇ ಆಯಿತು. ಮೊದಲೇ ಒಮ್ಮೆ ನೋಡಿಕೊಂಡಿರಲಿಲ್ಲ. ಪುರಾವೆ ಮೇಷ್ಟ್ರು ಅನ್ನಿಸಿಕೊಂಡವರು, ಪರೀಕ್ಷಿಸದೆ ತರಗತಿಗೆ ತಂದ ಮೊದಲ ಪಾಠ ಅದು. ಸೋಮಾರಿತನ ಅನ್ನಿ, ಸಿಟ್ಟು ಅನ್ನಿ.

ವಿಡಿಯೋದಲ್ಲಿ ಒಬ್ಬ ಹೆಣ್ಣುಮಗಳ ಗಂಭೀರ ಧ್ವನಿ. ಹಿಂದೆ ಪಿಟೀಲು ಅಳುತ್ತಿದೆ. "ಆ ಘೋರ ಬೆಳಗಿನ ಏಕೈಕ ಪ್ರತ್ಯಕ್ಷ ಸಾಕ್ಷಿ, ಮಿಲ್ಲಿನಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ತಾಯಿ ತನ್ನ ತಂಗಿಗೆ ಬರೆದ ಪತ್ರ" ಅಂತ ಶುರುವಾಯಿತು. "ತಂಗೀ, ನಾನು ಬದುಕಿದ್ದೇನೆ, ಆದರೆ ಬದುಕಿದ್ದೇನೆ ಅನ್ನೋದಕ್ಕೆ ನಾಚಿಕೆಯಾಗುತ್ತದೆ..."

ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಂಡರು ಮೇಷ್ಟ್ರು.

"ನಾನೇ ಓಡಿ ಹೋಗಿ ಮಿಲ್ಲಿನ ದೊಡ್ಡ ಗಂಟೆ ಹೊಡೆದೆ. ಕೈಯಲ್ಲಿ ರಕ್ತ ಬರುವ ತನಕ ಹೊಡೆದೆ. ಆದರೆ ಗೇಟಿನ ಕಾವಲುಗಾರ ಹೆದರಿ, ಗೇಟು ಬಿಟ್ಟು ಓಡಿಹೋದ."

ಮೇಷ್ಟ್ರ ಕೈಯಲ್ಲಿದ್ದ ಹಾಜರಿ ಪುಸ್ತಕ ಮೇಜಿನ ಮೇಲೆ ಬಿತ್ತು. ಮಿಲ್ಲಿನಲ್ಲಿ ಗಂಟೆಯೇ ಇರಲಿಲ್ಲ, ಸೈರನ್ ಇತ್ತು! ಅದು ಒಂದನೇ ತಪ್ಪು. ಆ ತಪ್ಪು ಅವರಿಗೆ ಹೇಗೆ ಗೊತ್ತು? ಗೊತ್ತಿರದೆ ಏನು, ಆ ತಪ್ಪನ್ನು ಅಲ್ಲಿ ಇಟ್ಟವರೇ ಅವರು. ಆ ಪತ್ರ ಬರೆದ ತಾಯಿ ಬೇರೆ ಯಾರೂ ಅಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಬನಿಯನ್ ಹಾಕಿಕೊಂಡು ತಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಅದನ್ನು ಬರೆದವರು ಪುರಾವೆ ಮೇಷ್ಟ್ರು.

ಆಗ ಅವರಿಗೆ ಹೊಸ ಹುರುಪು. ಹಳೆಯ ಕಾಗದಪತ್ರವನ್ನು ಹೇಗೆ ಅನುಮಾನಿಸಿ ಓದಬೇಕು ಅಂತ ಮಕ್ಕಳಿಗೆ ಕಲಿಸಲು ಒಂದು ಸುಳ್ಳು ಪತ್ರ ತಯಾರು ಮಾಡಿದರು. ಚಹಾದ ಡಿಕಾಕ್ಷನ್ನಿನಲ್ಲಿ ಹಾಳೆ ಅದ್ದಿ, ಒಣಗಿಸಿ, ಹಳೆಯದರ ಹಾಗೆ ಮಾಡಿದರು. ಬೇಕೆಂದೇ ಏಳು ತಪ್ಪು ಇಟ್ಟರು. ಹಿಂದಿನ ಮಗ್ಗುಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: "ಇದು ನಿಮ್ಮ ಮೇಷ್ಟ್ರು ಕಟ್ಟಿದ ಕಥೆ. ಇದರಲ್ಲಿ ಏಳು ತಪ್ಪುಗಳಿವೆ. ಹುಡುಕಿ." ಕೆಳಗೆ, ತಲೆಕೆಳಗಾಗಿ, ಉತ್ತರಗಳು. ನಾಲ್ಕನೇ ಉತ್ತರ ಹೀಗಿತ್ತು: "ಕಾವಲುಗಾರ ಓಡಿಹೋಗಿದ್ದರೆ ಬದುಕುತ್ತಿದ್ದ. ಸತ್ತವರ ಪಟ್ಟಿಯ ಮೊದಲ ಸಾಲೇ ಅವನದು. ಹೆಣ ಸಿಕ್ಕಿದ್ದು ಗೇಟಿನ ಬುಡದಲ್ಲಿ." ಮಕ್ಕಳು ಕುಣಿದಾಡಿಕೊಂಡು ಹುಡುಕಿದ್ದವು. ಎರಡು ಮೂರು ವರ್ಷ ನಡೆಸಿ ಆಮೇಲೆ ಮೇಷ್ಟ್ರು ಅದನ್ನು ಮರೆತೇಬಿಟ್ಟಿದ್ದರು.

ಈಗ ಅದು ಪರದೆಯ ಮೇಲೆ ಪಿಟೀಲು ಬಾರಿಸಿಕೊಂಡು ಅಳುತ್ತಾ ಬಂದು ನಿಂತಿತ್ತು. ವಿಡಿಯೋ ಮುಗಿಯಿತು, ಪ್ರಶ್ನೆ ಬಂತು. "ಗೇಟು ಬಿಟ್ಟು ಓಡಿಹೋದವರು ಯಾರು?" ನಾಲ್ಕು ಉತ್ತರಗಳಿದ್ದವು. ಹಿಂದಿನ ಬೆಂಚಿನಿಂದ ಯಾರೋ ಹಲ್ಲು ಕಿರಿದು, "ಅವಳನ್ನೇ ಕೇಳಿ ಸರ್, ಅವಳಿಗೆ ಗೊತ್ತು!" ಅಂದರು. ಇಡೀ ತರಗತಿ ಗೊಳ್ಳೆಂದಿತು. ಮುಂದೆ ಕೂತವನು ಎದ್ದು ಬೋರ್ಡಿನ ಮೇಲೆ "ಕಾವಲುಗಾರ" ಅನ್ನುವುದನ್ನು ಒತ್ತಿದ. ಹಸಿರು ಗುರುತು ಬಂತು. "ಶಭಾಷ್! ಸರಿ ಉತ್ತರ!" ಅಂತ ಬೋರ್ಡು ಚಪ್ಪಾಳೆ ತಟ್ಟಿತು.

ಮೂರನೇ ಬೆಂಚಿನ ಹುಡುಗಿ ಎದ್ದು, ಯಾರನ್ನೂ ಕೇಳದೆ, ಬಾಗಿಲು ದಾಟಿ ಹೊರಗೆ ಹೋದಳು. ಎಂದೂ ಗಟ್ಟಿಯಾಗಿ ಮಾತಾಡದ ಹುಡುಗಿ ಅದು.

ಮೇಷ್ಟ್ರು ಹಿಂದೆಯೇ ಓಡಿದರು. ವರಾಂಡದ ಕೊನೆಯಲ್ಲಿ, ನೀರಿನ ನಲ್ಲಿಯ ಹತ್ತಿರ, ಅವಳು ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು.

"ಏನಾಯ್ತಮ್ಮ?"

"ಆ ಕಾವಲುಗಾರ ನಮ್ಮಜ್ಜಿಯ ಅಪ್ಪ, ಸರ್."

ಮೇಷ್ಟ್ರು ನೋಡಿದ್ದ ಸತ್ತವರ ಪಟ್ಟಿಯಲ್ಲಿ ಮಿಕ್ಕ ನಲವತ್ತು ಮಂದಿಗೆ ಹೆಸರಿತ್ತು, ತಂದೆಯ ಹೆಸರಿತ್ತು. ಮೊದಲ ಸಾಲಿನಲ್ಲಿ ಮಾತ್ರ "ಗೇಟಿನ ಕಾವಲುಗಾರ" ಅಂತಷ್ಟೇ ಇತ್ತು. ಹೆಸರಿಲ್ಲದವನಿಗೆ ಮನೆಮಂದಿ ಇರುತ್ತಾರೆ ಅನ್ನುವುದೇ ಇವರ ತಲೆಗೆ ಹೊಳೆದಿರಲಿಲ್ಲ.

"ಈ ವಿಡಿಯೋ ಎಲ್ರ ಫೋನಿಗೂ ಬಂದಾಗಿಂದ, ಎರಡು ತಿಂಗಳಿಂದ ಎಲ್ರೂ ನನ್ನ 'ಗೇಟು ಬಿಟ್ಟವಳು' ಅಂತಾರೆ ಸರ್. ಅದು ಹೋಗ್ಲಿ. ಅಜ್ಜಿಗೆ ನಾನೇ ತೋರಿಸಿದ್ದು, ಫೋನಲ್ಲಿ. ನಮ್ಮಪ್ಪನ ಮಿಲ್ಲು ಅಂತ ಯಾವಾಗಲೂ ಹೇಳ್ತಿದ್ರು, ನೋಡಿ ಖುಷಿಪಡಲಿ ಅಂತ ತೋರಿಸಿದೆ. ಅವತ್ತಿಂದ ಅಜ್ಜಿ ಮನೆಯಿಂದ ಆಚೆ ಬರೋದು ಬಿಟ್ರು. ಸರಿಯಾಗಿ ಊಟ ಮಾಡಲ್ಲ. ಅವರಪ್ಪನ ಫೋಟೋ ಗೋಡೆಯಿಂದ ಇಳಿಸಿಬಿಟ್ರು."

"ಅದು ಸುಳ್ಳಮ್ಮ! ಆ ಪತ್ರ ಸುಳ್ಳು!"

ಹುಡುಗಿ ತಿರುಗಿ ನೋಡಿದಳು. ಕಣ್ಣಲ್ಲಿ ಆಸೆ ಇತ್ತು. ಅದಕ್ಕೇ ಕೇಳಿದಳು, ಕೊಂಕಿಗಲ್ಲ: "ಪುರಾವೆ ಇದೆಯಾ ಸರ್?"

ನಾನೇ ಬರೆದದ್ದು ಅಂತ ಹೇಳುವ ಬದಲು ಮೇಷ್ಟ್ರು, "ನಾಳೆ ತರ್ತೀನಿ. ನಿಮ್ಮ ಮನೆಗೇ ತರ್ತೀನಿ" ಅಂದರು.

ಅಲ್ಲಿಂದ ನೆಟ್ಟಗೆ ಲೈಬ್ರರಿಗೆ ಹೋದರು. ಅದು ಹೊರಗೆ ಹೋದದ್ದು ಹೇಗೆ? ಲೈಬ್ರರಿಯಮ್ಮ ಕಂಪ್ಯೂಟರಿನಲ್ಲಿ ಹುಡುಕಿ ಕೊಟ್ಟರು. ಆರು ವರ್ಷದ ಹಿಂದೆ ಶಾಲೆಯ ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಶಾಲೆಯದೇ ಜಾಲತಾಣಕ್ಕೆ ಹಾಕಿದ್ದರು. ಅದರಲ್ಲಿ ಆ ಚಹಾ ಬಣ್ಣದ ಪತ್ರವೂ ಇತ್ತು. ಮುಂದಿನ ಮಗ್ಗುಲು ಮಾತ್ರ. ಕೆಳಗೆ "ಮೂಲ: ಚರಿತ್ರೆ ಅಧ್ಯಾಪಕರ ಸಂಗ್ರಹ" ಅಂತ ಒಂದು ಸಾಲು.

"ಹಿಂದಿನ ಪುಟ ಎಲ್ಲಿ?" ಅಂದರು ಮೇಷ್ಟ್ರು. ಧ್ವನಿ ಅವರದೇ ಅನ್ನಿಸಲಿಲ್ಲ.

"ಹಿಂದೆ ಏನಾದ್ರೂ ಇತ್ತಾ ಸರ್? ಮೂರು ಸಾವಿರ ಹಾಳೆ, ಹದಿನೈದು ದಿನ ಟೈಮ್ ಕೊಟ್ಟಿದ್ರು. ಬೇರೆಯವರ ಕಾಗದ ಆದ್ರೆ ಒಂದೊಂದಾಗಿ ತಿರುಗಿಸಿ ನೋಡಿ ಹಾಕ್ತಿದ್ದೆ. ನಿಮ್ಮ ಫೈಲು ಅಂದಮೇಲೆ ನೋಡೋದೇನು? ಪುರಾವೆ ಇಲ್ದೆ ನೀವು ಏನನ್ನೂ ಇಟ್ಕೊಳ್ಳೋರಲ್ಲ ಅಂತ ಕಣ್ಣು ಮುಚ್ಕೊಂಡು ಹಾಕಿ, ಫೈಲನ್ನ ನಿಮಗೇ ವಾಪಸ್ ಕೊಟ್ಟೆ."

ಕಪಾಳಕ್ಕೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಆ ಸುಳ್ಳಿಗೆ ಮೊಹರು ಒತ್ತಿದ್ದು ಅವರದೇ ಒಳ್ಳೆಯ ಹೆಸರು.

ಸಂಜೆ ಮನೆಯಲ್ಲಿ ಮಂಚದ ಕೆಳಗಿನ ಸೂಟ್‌ಕೇಸ್ ಹೊರಗೆ ಬಂತು, ಅಟ್ಟದ ಡಬ್ಬಗಳು ಕೆಳಗಿಳಿದವು. ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಾ ಕೂತವರು, ನೆಲದ ತುಂಬ ಕಾಗದ ಹರಡಿದ್ದು ನೋಡಿ, "ಏನು ಕಳ್ಕೊಂಡ್ರಿ? ಮಾನ ಒಂದು ಬಿಟ್ರೆ ಈ ಮನೇಲಿ ಕಳೆಯೋ ಅಂಥದ್ದು ಏನೂ ಇಲ್ಲ" ಅಂದರು.

"ಅದೇ ಕಣೇ ಕಳೆದಿರೋದು" ಅಂದರು ಮೇಷ್ಟ್ರು. ಹೆಂಡತಿಗೆ ನಗು ಬರಲಿಲ್ಲ. ಅವರೂ ನೆಲಕ್ಕೆ ಕೂತು ಹುಡುಕಿದರು. ಹಾಳೆ ಅವರ ಕೈಗೇ ಸಿಕ್ಕಿತು. ಮುಂದೆ ಓದಿದರು, ತಿರುಗಿಸಿ ಹಿಂದೆ ಓದಿದರು, ಗಂಡ ಹೇಳಿದ್ದನ್ನೆಲ್ಲ ಕೇಳಿದರು.

"ಅಲ್ಲಾ, ಆ ಕಾವಲುಗಾರನನ್ನೇ ಯಾಕೆ ಓಡಿಸಿದ್ರಿ?"

"ಕಥೆಗೆ ಒಬ್ಬ ಕೆಟ್ಟವನು ಬೇಕಿತ್ತು."

"ಮಾಲೀಕರನ್ನು ಓಡಿಸಬಹುದಿತ್ತಲ್ಲ? ಬೀಗ ಹಾಕಿಸಿದ್ದು ಅವರೇ ತಾನೆ?"

"ಮಾಲೀಕರ ಮೊಮ್ಮಕ್ಕಳು ಊರಲ್ಲೇ ಇದ್ರು. ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟಿದ್ರು. ಬೇಜಾರಾಗ್ತಾರೆ ಅಂತ..."

ಹೆಂಡತಿ ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮತ್ತೆ ಮಡಿಸಿದರು. ಬೈದಿದ್ದರೆ ಚೆನ್ನಾಗಿತ್ತು ಅಂತ ಮೇಷ್ಟ್ರಿಗೆ ಅನ್ನಿಸಿತು.

ಅವತ್ತೇ ಕೂತು ವಿಡಿಯೋ ಹಾಕಿದ ಜಾಲತಾಣದವರಿಗೆ ಉದ್ದನೆಯ ಇಮೇಲ್ ಬರೆದರು. ಈ ಪತ್ರ ನಕಲಿ, ಬರೆದವನು ನಾನು, ದಯವಿಟ್ಟು ತೆಗೆಯಿರಿ. ಬೆಳಿಗ್ಗೆಗೆ ಉತ್ತರ ಬಂದಿತ್ತು. "ನಿಮ್ಮ ಸಲಹೆಗೆ ಧನ್ಯವಾದ. ಈ ಪತ್ರವನ್ನು ಮೂರು ಆಕರಗಳು ದೃಢಪಡಿಸಿವೆ. ನಿಮ್ಮ ಹೇಳಿಕೆಗೆ ಪುರಾವೆ ಇದ್ದರೆ ಲಗತ್ತಿಸಿ." ಮೇಷ್ಟ್ರು ಆ ಮೂರು ಆಕರಗಳನ್ನು ತೆರೆದು ನೋಡಿದರು. ಒಂದು ಶಾಲೆಯ ಪುಟದಿಂದ ಎತ್ತಿದ್ದು, ಎರಡನೆಯದು ಮೊದಲನೆಯದರಿಂದ ಎತ್ತಿದ್ದು, ಮೂರನೆಯದು ಇದೇ ವಿಡಿಯೋ ನೋಡಿ ಬರೆದದ್ದು. ಅಯ್ಯೋ ದೇವರೇ! ಮನೆಯೊಳಗೆ ಹೊಕ್ಕ ಕಳ್ಳನಿಗೆ ಅವನ ತಮ್ಮಂದಿರೇ ಸಾಕ್ಷಿ ಹೇಳಿದ ಹಾಗಾಯಿತು. ವಿಡಿಯೋದ ಕೆಳಗೆ ನೋಡಿದವರ ಸಂಖ್ಯೆ ಇತ್ತು. ಒಂದು ಲಕ್ಷದ ಎಂಬತ್ತು ಸಾವಿರ. ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡು ಅವರು ನಿಜ ಹೇಳಿದ್ದು ಲೆಕ್ಕ ಹಾಕಿದರೆ ಎರಡು ಸಾವಿರ ಮಕ್ಕಳಿಗೂ ಇರಲಿಕ್ಕಿಲ್ಲ.

ಎರಡೂ ಮಗ್ಗುಲು ಸ್ಕ್ಯಾನ್ ಮಾಡಿಸಿ ಕಳಿಸುವುದು ಆಮೇಲಿನ ಮಾತು. ಮೊದಲು ಆ ಅಜ್ಜಿ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಅಸಲು ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಹುಡುಗಿಯ ಜೊತೆ ಹೊರಟರು. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದರು. ಅವಳು ನಿಂತುಬಿಟ್ಟಳು.

"ನೀವಾ ಸರ್?"

"ನಾನೇ."

 ಅಲ್ಲಿಂದ ಮನೆಯ ತನಕ ಅವಳು ಮೇಷ್ಟ್ರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಮೇಷ್ಟ್ರು ಆ ಬೆನ್ನನ್ನು ನೋಡುತ್ತಾ ಹಿಂದೆ ನಡೆದರು. ಮನೆ ದೂರವೇನಿಲ್ಲ. ಶಾಲೆಯ ಹಿಂದಿನ ಗೇಟಿನಿಂದ ನಾನೂರು ಹೆಜ್ಜೆ. ಇಸ್ತ್ರಿ ಅಂಗಡಿಯ ಹಿಂಭಾಗದಲ್ಲಿ ಎರಡು ಕೋಣೆ, ಒಂದು ಕಿಟಕಿ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಮೇಲೆ ಗುಂಡಿಗಳು ತುಂಬಿದ ಗಾಜಿನ ಬಾಟಲಿ. ಎದುರಿನ ಗೋಡೆಯಲ್ಲಿ ಒಂದು ಮೊಳೆ. ಅದರ ಕೆಳಗೆ ಸುಣ್ಣ ಮಾಸದ ಒಂದು ಚೌಕ, ಸುತ್ತ ಮಾಸಿದ ಗೋಡೆ. ಅಲ್ಲೇ ಫೋಟೋ ಇದ್ದದ್ದು. ಮೇಷ್ಟ್ರು ಆ ಚೌಕವನ್ನು ನೋಡಲಾರದೆ ನೆಲ ನೋಡಿದರು.

ಅಜ್ಜಿ ಸಣ್ಣ ಆಳು. ಎಂಬತ್ತೊಂದು ವರ್ಷ, ಆದರೆ ಬೆನ್ನು ನೆಟ್ಟಗಿತ್ತು. ಮೇಷ್ಟ್ರು ಬಂದಿದ್ದಾರೆ ಅಂದಾಗ ಎದ್ದು ನಿಂತರು. "ಕೂತ್ಕೊಳ್ಳಿ ಮೇಷ್ಟ್ರೇ. ಇವಳು ಏನಾದ್ರೂ ತಪ್ಪು ಮಾಡಿದ್ಲಾ?"

"ತಪ್ಪು ಮಾಡಿದವನು ನಾನಮ್ಮ" ಅಂದರು ಮೇಷ್ಟ್ರು. ಕವರಿನಿಂದ ಹಾಳೆ ತೆಗೆದು ಅವರ ಮಡಿಲಲ್ಲಿಟ್ಟರು. "ಇದೇ ಆ ಪತ್ರ. ಇದನ್ನು ಬರೆದ ಹೆಂಗಸು ಇರಲೇ ಇಲ್ಲ. ಮಕ್ಕಳಿಗೆ ಪಾಠ ಮಾಡೋಕೆ ಅಂತ ನಾನೇ ಕಟ್ಟಿದ ಸುಳ್ಳು. ಹಿಂದೆ ತಿರುಗಿಸಿ, ಬರೆದಿದೆ. ನಿಮ್ಮಪ್ಪ ಓಡಿಹೋಗಲಿಲ್ಲ. ನಾಲ್ಕನೇ ತಪ್ಪು ಅದೇ. ಕ್ಷಮಿಸಿ ಅನ್ನೋದಕ್ಕೂ ನನಗೆ ಮುಖವಿಲ್ಲ."

ಅಜ್ಜಿ ಹಾಳೆ ತಿರುಗಿಸಿದರು. ಕನ್ನಡಕ ಇರಲಿಲ್ಲ. ಮೊಮ್ಮಗಳು ಪಕ್ಕದಲ್ಲಿ ಮಂಡಿಯೂರಿ, ಹಿಂದಿನ ಮಗ್ಗುಲನ್ನು ಓದಿ ಹೇಳಿದಳು. ಒಂದರಿಂದ ಏಳರ ತನಕ. ಅಜ್ಜಿ ನಗುತ್ತಾರೆ, ಇಲ್ಲ ಅಳುತ್ತಾರೆ, ಇಲ್ಲ ತಮ್ಮನ್ನು ಹಿಡಿದು ಬೈಯುತ್ತಾರೆ ಅಂತ ಮೇಷ್ಟ್ರು ಕಾದರು. ಯಾವುದೂ ಆಗಲಿಲ್ಲ. ಅಜ್ಜಿಯ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ಯಾರೂ ನೋಡಿರಲಿಲ್ವಾ?" ಅಂದರು.

"ಏನನ್ನಮ್ಮ?"

"ಅಪ್ಪ ಓಡಿದ್ದನ್ನ."

ಹೊರಗೆ ಇಸ್ತ್ರಿ ಅಂಗಡಿಯವನು ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ಹುಡುಗಿ ಹಾಳೆ ಹಿಡಿದುಕೊಂಡೇ ಅಜ್ಜಿಯ ಮುಖ ನೋಡಿದಳು.

"ಅದನ್ನ ಫೋನಲ್ಲಿ ನೋಡಿದಾಗ ನನ್ನ ಜೀವವೇ ಹೋದಂಗಾಯ್ತು ಮೇಷ್ಟ್ರೇ. ಯಾರೋ ಕಣ್ಣಾರೆ ಕಂಡು ಬರೆದಿಟ್ಟಿದಾರೆ ಅಂದ್ಕೊಂಡೆ. ಎಪ್ಪತ್ನಾಲ್ಕು ವರ್ಷ ನಾನು ಯಾರಿಗೂ ಹೇಳದೆ ಇಟ್ಕೊಂಡಿದ್ದು, ಊರಿಗೆಲ್ಲ ಗೊತ್ತಾಗಿಹೋಯ್ತಲ್ಲ ಅಂತ. ನೀವು ನೋಡಿದ್ರೆ ಸುಳ್ಳು ಕಟ್ಟಿದೆ ಅಂತೀರಿ." ಅಜ್ಜಿ ಹಾಳೆಯ ಮೇಲೆ ಬೆರಳಿಟ್ಟರು. "ನಿಮ್ಮ ನಾಲ್ಕನೇ ತಪ್ಪು ತಪ್ಪಲ್ಲ."

ಮೇಷ್ಟ್ರು ಆ ಬೆರಳಿನತ್ತ ಬಗ್ಗಿ ನೋಡಿದರು.

ಅಜ್ಜಿ ಹೇಳಿದರು. ನಿಧಾನವಾಗಿ, ಗುಂಡಿ ಹೊಲಿಯುವವರ ಹಾಗೆ ಒಂದೊಂದೇ ಮಾತು. ಆಗ ಅವರಿಗೆ ಏಳು ವರ್ಷ. ತಾಯಿ ಇರಲಿಲ್ಲ. ಅಪ್ಪ ರಾತ್ರಿ ಕಾವಲಿಗೆ ಹೋಗುವಾಗ ಮನೆಯಲ್ಲಿ ಒಬ್ಬಳನ್ನೇ ಮಲಗಿಸಿ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ. ಅವತ್ತು ಎಚ್ಚರವಾದಾಗ ಚಾಪೆ ಒದ್ದೆಯಾಗಿತ್ತು. ಚಿಲಕ ತೆಗೆದ ಸದ್ದಾಯಿತು. ಅಪ್ಪ ಗೇಟಿನ ಕೋಟು ಹಾಕಿಕೊಂಡೇ ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ. ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಮೂಲೆಯ ಬೇಕರಿಯ ಮಾಳಿಗೆಗೆ ಏಣಿ ಹತ್ತಿ, ಚಿಮಣಿಯ ಪಕ್ಕ ಕೂರಿಸಿದ.

"ಓಡುವಾಗ ಅವನ ಸೊಂಟದಲ್ಲಿ ಝಣಝಣ ಅಂತಿತ್ತು. ಇವತ್ತಿಗೂ ಯಾರಾದ್ರೂ ಬೀಗದ ಕೈ ಗೊಂಚಲು ಅಲ್ಲಾಡಿಸಿದ್ರೆ ನನಗೆ ಎದ್ದು ಓಡೋಣ ಅನ್ಸುತ್ತೆ. ಗೇಟಿನ ಬೀಗದ ಕೈ, ಮೇಷ್ಟ್ರೇ. ಗೇಟು ತೆಗೆದಿರಲಿಲ್ಲ ಅವನು. ಮೊದಲು ನನ್ನ ಹತ್ರ ಬಂದಿದ್ದ. 'ಕದಲಬೇಡ, ಬೀಗ ತೆಗೆದು ಬರ್ತೀನಿ' ಅಂದ. ಇಳಿದು ಮತ್ತೆ ಮಿಲ್ಲಿನ ಕಡೆ ಓಡಿದ. ಅಷ್ಟೊತ್ತಿಗೆ ಬೀದೀಲಿ ನೀರು ಅವನ ಎದೆ ಮಟ್ಟ ಇತ್ತು."

ಮೂವತ್ತೊಂದು ವರ್ಷ. ಗೇಟು ಯಾಕೆ ತೆಗೆಯಲಿಲ್ಲ ಅಂತ ಮೂವತ್ತೊಂದು ವರ್ಷ ಮಕ್ಕಳನ್ನು ಕೇಳಿ, ಪುರಾವೆ ಇಲ್ಲ ಅಂತ ಕೈ ಕೊಡವಿದ್ದರು. ಪುರಾವೆ ನಾನೂರು ಹೆಜ್ಜೆ ದೂರದಲ್ಲಿ ಕೂತು ಗುಂಡಿ ಹೊಲಿಯುತ್ತಿತ್ತು. ಇವರು ದಫ್ತರಗಳನ್ನು ತಿರುಗಿಸಿ ನೋಡಿದರೇ ಹೊರತು, ಒಂದು ಮನೆಯ ಬಾಗಿಲು ತಟ್ಟಿರಲಿಲ್ಲ.

"ಆ ನಲವತ್ತು ಜನರ ಮಕ್ಕಳ ಜೊತೇಲೇ ನಾನು ಆಡಿ ಬೆಳೆದೆ" ಅಂದರು ಅಜ್ಜಿ. "ಅವರ ಅಂಗಿಗೆ ಗುಂಡಿ ಹಾಕಿ ಹೊಟ್ಟೆ ಹೊರ್ಕೊಂಡೆ. ಎಲ್ರೂ, 'ಪಾಪ, ನಿಮ್ಮಪ್ಪ ಗೇಟಲ್ಲೇ ಜೀವ ಬಿಟ್ಟ' ಅಂತ ಮರುಗೋರು. ನಾನು ಹೂಂ ಅಂತಿದ್ದೆ. ನಾನು ಹುಟ್ಟದೇ ಇದ್ದಿದ್ರೆ ಆ ಗೇಟು ತೆಗೀತಿತ್ತು ಅಂತ ಹೇಗೆ ಹೇಳ್ಲಿ?"

"ಅಜ್ಜೀ!" ಅಂತ ಹುಡುಗಿ ಅವರ ಕೈ ಹಿಡಿದುಕೊಂಡಳು.

 ಬೀಗ ಹಾಕಿಸಿದವನು ಮಾಲೀಕ, ಆ ಪಾಪದ ಗಂಟು ಯಾರ ತಲೆಗೆ ಬಂದು ಕೂತಿತು ನೋಡಿ! ಮೇಷ್ಟ್ರಿಗೆ ಒಂದು ದಾರಿ ಕಂಡಿತು. ಒಳ್ಳೆಯ ದಾರಿಯೇ ಅನ್ನಿಸಿತು. ಹೇಳಿದರು: "ಅಮ್ಮಾ, ಇದು ಈ ಕೋಣೆಯಲ್ಲೇ ಇರಲಿ. ಪತ್ರ ಸುಳ್ಳು ಅಂತ ನಾನು ಎಲ್ಲ ಕಡೆ ಬರೀತೀನಿ. ಏಳು ತಪ್ಪೂ ತಪ್ಪೇ. ನಿಮ್ಮಪ್ಪನ ಮೇಲೆ ಮಾತು ಬರಲ್ಲ. ಇವಳನ್ನು ಯಾರೂ ಆಡ್ಕೊಳ್ಳಲ್ಲ. ಫೋಟೋ ಮತ್ತೆ ಗೋಡೆಗೆ ಹಾಕಿ."

ಅಜ್ಜಿ ಅವರನ್ನು ದಿಟ್ಟಿಸಿ ನೋಡಿದರು. "ಇನ್ನೊಂದು ಸುಳ್ಳು ಬರೀತೀರಾ?"

ಮೇಷ್ಟ್ರು ತಲೆ ತಗ್ಗಿಸಿದರು.

"ಎರಡು ತಿಂಗಳು ಊಟ ಸೇರಲಿಲ್ಲ, ನಿಜ. ಆದ್ರೆ ಒಂದು ಹೇಳ್ತೀನಿ. ಗೊತ್ತಾಗಿಹೋಯ್ತಲ್ಲ, ಇನ್ನು ಬಚ್ಚಿಡೋಕೆ ಏನೂ ಉಳೀಲಿಲ್ಲ ಅಂತ ಎದೆ ಹಗುರಾನೂ ಆಗಿತ್ತು. ಈಗ ನೀವು ಬಂದು ಯಾರೂ ನೋಡಿರಲಿಲ್ಲ ಅಂದಾಗ ಆ ಭಾರ ಮತ್ತೆ ಬಂದು ಕೂತ್ಕೊಂಡ್ತು. ಇನ್ನು ನನ್ನ ಕೈಲಿ ಹೊರೋಕಾಗಲ್ಲ. ಪೆನ್ನು ಇದೆಯಾ?"

ಇತ್ತು. ಮಕ್ಕಳ ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನು.

"ಬರ್ಕೊಳ್ಳಿ. ಓಡಿದ ಅಂತ ಬರೀರಿ. ಬೀಗದ ಕೈ ಇಟ್ಕೊಂಡೇ ಓಡಿದ ಅಂತ ಬರೀರಿ. ಯಾಕೆ ಓಡಿದ ಅಂತಾನೂ ಬರೀರಿ. ಆಮೇಲೆ ವಾಪಸ್ ಹೋದ ಅಂತ ಬರೀರಿ. ನಿಮ್ಮ ಪತ್ರದಲ್ಲಿ ಅದೊಂದು ಇರಲಿಲ್ಲ."

ಮೇಷ್ಟ್ರ ಬಾಯಿಗೆ ಅಭ್ಯಾಸಬಲದಿಂದ ಒಂದು ಮಾತು ಬಂತು. ಅದನ್ನು ಅವರು ಹಲ್ಲು ಕಚ್ಚಿ ತಡೆದರು. ಆದರೆ ಅಜ್ಜಿಗೆ ಅದು ಕಂಡಿತ್ತು.

"ಇವಳು ಹೇಳಿದಾಳೆ, ನೀವು ಎಲ್ಲದಕ್ಕೂ ಪುರಾವೆ ಕೇಳ್ತೀರಂತೆ. ಕೇಳಿ, ತಪ್ಪೇನಿಲ್ಲ. ಅವನು ಗೇಟು ಬಿಟ್ಟು ಓಡಿದ್ದಕ್ಕೆ ಪುರಾವೆ ನಾನು. ಎಂಬತ್ತೊಂದು ವರ್ಷ ಬದುಕಿ ನಿಮ್ಮ ಮುಂದೆ ಕೂತಿದೀನಿ. ವಾಪಸ್ ಹೋಗಿದ್ದಕ್ಕೆ ಪುರಾವೆ ನಿಮ್ಮ ಪಟ್ಟಿಯಲ್ಲೇ ಇದೆಯಲ್ಲ, ಮೊದಲನೇ ಸಾಲು."

ಮೇಷ್ಟ್ರು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡರು.  ಹಿಂದಿನ ಮಗ್ಗುಲಿನ ನಾಲ್ಕನೇ ಉತ್ತರದ ಮೇಲೆ ಕೆಂಪು ಗೆರೆ ಎಳೆದರು. ಆಮೇಲೆ ಮೇಲೆ ಹೋಗಿ, "ಇದರಲ್ಲಿ ಏಳು ತಪ್ಪುಗಳಿವೆ" ಅನ್ನುವ ಕಡೆ ಏಳನ್ನು ಹೊಡೆದು ಹಾಕಿ, ಆರು ಅಂತ ತಿದ್ದಿದರು. ಹುಡುಗಿ ಎದ್ದು ಒಳಗಿನ ಕೋಣೆಗೆ ಹೋಗಿ, ಟ್ರಂಕಿನ ಹಿಂದಿದ್ದ ಫೋಟೋ ತಂದು, ಸೆರಗಿನಲ್ಲಿ ಒರೆಸಲಿ ಅಂತ ಅಜ್ಜಿಯ ಕೈಗೆ ಕೊಟ್ಟಳು.